ಎರಡು ಸ್ವೆಟರ್ ನಡುವಿನ ಓದು: ನನ್ನ ಕಪಾಟಿನ ಹೆಣಿಗೆ ಪುಸ್ತಕಗಳು

ಹೆಣಿಗೆ ಪುಸ್ತಕ ಕೊಳ್ಳುವಾಗ ನಾನು ನೋಡುವುದು ಒಂದೇ. ಅದರಲ್ಲಿರುವ ಯಾವುದನ್ನೂ ಹೆಣೆಯದಿದ್ದರೂ ಅದು ಮತ್ತೆ ಮತ್ತೆ ಕೈಗೆ ಬರುತ್ತದೆಯೇ? ಒಂದು ಸ್ವೆಟರ್ ಮುಗಿಸಿ, ಗುಂಡಿ ಹಚ್ಚಿ, ಕೊಡಬೇಕಾದವರಿಗೆ ಕೊಟ್ಟಾದ ಮೇಲೆ ಇನ್ನೊಂದಕ್ಕೆ ಕಡ್ಡಿ ಹಿಡಿಯುವ ತನಕ ನನಗೆ ಒಂದಷ್ಟು ದಿನ ಬೇಕು. ಆಗ ಓದುವುದಕ್ಕೆಂದೇ ಈ ಪುಸ್ತಕಗಳನ್ನು ಇಟ್ಟುಕೊಂಡಿದ್ದೇನೆ. ಅಮೆರಿಕದಿಂದ ಬಂದಾಗಲೆಲ್ಲ ಒಂದೊಂದು ತರುವ ಅಕ್ಕನ ಮಗಳಿಗೂ ಇದು ವಿಚಿತ್ರ. “ಚಿಕ್ಕಮ್ಮಾ, ಇದರಲ್ಲಿ ಏನು ಹಾಕ್ತೀರಿ ಈ ಸಲ?” ಅಂತಾಳೆ. “ಏನೂ ಇಲ್ಲ ಕಣೆ, ಓದ್ತಿದ್ದೀನಿ” ಅಂದರೆ ನಗು.

ಇಂತಿಂಥದ್ದೇ ಬೇಕು ಎನ್ನುವವರಿಗೆ ಇಂಟರ್ನೆಟ್ಟಿನಲ್ಲಿ 2007ರಿಂದ ರಾವೆಲ್ರಿ ಎಂಬ ಹೆಣಿಗೆ ಮಾದರಿಗಳ ತಾಣ ಇದ್ದೇ ಇದೆ. ‘ಎರಡು ವರ್ಷದ ಮಗು, ಮುಂದೆ ಗುಂಡಿ’ ಎಂದು ಹುಡುಕಿದರೆ ಸಾಲುಸಾಲು ಬರುತ್ತವೆ. ಏನು ಬೇಕೆಂದೇ ತಿಳಿಯದಿದ್ದಾಗ ಮಾತ್ರ ಅಲ್ಲಿ ಕಣ್ಣು ನೋಯುವುದಷ್ಟೇ.

ಕಪಾಟಿನಲ್ಲಿ ಎಲ್ಲಕ್ಕಿಂತ ಚೆಂದದ್ದು ಹಿತೋಮಿ ಶಿದಾ ಅವರ ‘ಜಪಾನೀಸ್ ನಿಟ್ಟಿಂಗ್ ಸ್ಟಿಚ್ ಬೈಬಲ್’. ಗೇಲ್ ರೋಮ್ ಮಾಡಿದ ಇಂಗ್ಲಿಷ್ ಅನುವಾದ 2017ರಲ್ಲಿ ಬಂತು. ಒಟ್ಟು 260 ಮಾದರಿಗಳು. ಒಂದು ಕಡೆ ಹೆಣೆದ ತುಂಡಿನ ಫೋಟೋ, ಜೊತೆಗೆ ಅದರ ಚಾರ್ಟ್, ಅಂದರೆ ಚೌಕಗಳಲ್ಲಿ ಚಿಹ್ನೆ ಹಾಕಿದ ನಕ್ಷೆ. ಸಾಲು ಸಾಲಾಗಿ ಬರೆದ ವಿವರಣೆ ಇಲ್ಲವೇ ಇಲ್ಲ. ಜಪಾನಿನಲ್ಲಿ ಹೆಣಿಗೆಯ ಚಿಹ್ನೆಗಳಿಗೆ ಎಲ್ಲ ಪುಸ್ತಕಗಳಿಗೂ ಒಂದೇ ಗೊತ್ತಾದ ಪದ್ಧತಿಯಿದೆ. ಒಮ್ಮೆ ಕಲಿತರೆ ಸಾಕು, ಭಾಷೆ ಬಾರದಿದ್ದರೂ ನಡೆಯುತ್ತದೆ. ಶಿದಾ ಅವರ ಕೈಚಳಕ ಇರುವುದು ಬೆರಕೆಯಲ್ಲಿ. ಎರಡು ಕೇಬಲ್‌ಗಳು (ಜಡೆಯಂತೆ ತಿರುಚಿದ ಉಬ್ಬು ಸಾಲುಗಳು) ದೂರ ಸರಿದಲ್ಲಿ ನಡುವೆ ಲೇಸಿನ, ಅಂದರೆ ತೂತುತೂತಾದ ಹೆಣಿಗೆಯ ಎಲೆ ಮೂಡುತ್ತದೆ, ಎಲೆಯ ಬುಡದಲ್ಲೊಂದು ಬಾಬಲ್ (ಪುಟ್ಟ ಉಬ್ಬುಗುಂಡು) ಕುಳಿತಿರುತ್ತದೆ. ಕೇಬಲ್ ಅಂದರೆ ದಪ್ಪ, ಲೇಸ್ ಅಂದರೆ ತೆಳು ಎಂದು ಬೇರೆ ಬೇರೆ ಇಟ್ಟುಕೊಂಡವರು ಒಂದು ಪುಟದ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ದೂರುಗಳೂ ಇವೆ. ಚಾರ್ಟ್‌ನ ಎಲ್ಲ ಸಾಲುಗಳನ್ನೂ ಬಟ್ಟೆಯ ಮುಂಬದಿಯಿಂದ ಕಂಡಂತೆ ಬರೆದಿರುತ್ತಾರೆ. ಹಾಗಾಗಿ ಹಿಂಬದಿಯ ಸಾಲು ಬಂದಾಗ ನಿಟ್ (ಸೀದಾ) ಇದ್ದಲ್ಲಿ ಪರ್ಲ್ (ಉಲ್ಟಾ), ಪರ್ಲ್ ಇದ್ದಲ್ಲಿ ನಿಟ್ ಎಂದು ತಲೆಯಲ್ಲೇ ತಿರುವಿಕೊಳ್ಳಬೇಕು. ಎರಡನೆಯದು ಪುಸ್ತಕದ ತಪ್ಪಲ್ಲ, ನಮ್ಮ ಅಂಗಡಿಗಳದು. ಇಲ್ಲಿ ಸುಲಭಕ್ಕೆ ಸಿಗುವುದು ಅಕ್ರಿಲಿಕ್. ಅಪ್ಪಟ ಉಣ್ಣೆಯಾದರೆ ನೆನೆಸಿ, ಎಳೆದು, ಪಿನ್ ಚುಚ್ಚಿ ಒಣಗಿಸಿದಾಗ ಲೇಸಿನ ತೂತುಗಳು ಅರಳಿ ಹಾಗೆಯೇ ನಿಲ್ಲುತ್ತವೆ. ಅಕ್ರಿಲಿಕ್ ಪಿನ್ ತೆಗೆದೊಡನೆ ಮತ್ತೆ ಮುದುಡುತ್ತದೆ. ಫೋಟೋದಲ್ಲಿ ಕಂಡದ್ದೇ ಬೇಕೆಂದರೆ ಮೊದಲು ಉಣ್ಣೆ ಹುಡುಕಿ, ಇಲ್ಲವೇ ಕೇಬಲ್ ಮಾದರಿಗಳಲ್ಲೇ ತೃಪ್ತಿಪಡಿ.

ಬಾರ್ಬರಾ ವಾಕರ್ ಅವರ ‘ಎ ಟ್ರೆಷರಿ ಆಫ್ ನಿಟ್ಟಿಂಗ್ ಪ್ಯಾಟರ್ನ್ಸ್’ (1968) ಇದಕ್ಕೆ ಪೂರ್ತಿ ಉಲ್ಟಾ. ಫೋಟೋಗಳೆಲ್ಲ ಕಪ್ಪು ಬಿಳುಪು, ಸೂಚನೆಗಳೆಲ್ಲ ಅಕ್ಷರದಲ್ಲಿ. ನೋಡಲು ಬಡವಾಗಿ ಕಾಣುತ್ತದೆ. ಆದರೆ ಪ್ರತಿ ಮಾದರಿಗೂ ಆಕೆ ಬರೆದ ನಾಲ್ಕು ಮಾತುಗಳಿವೆಯಲ್ಲ, ಅದಕ್ಕಾಗಿ ನಾನು ಇದನ್ನು ಮಾರುವುದಿಲ್ಲ. ಇದೇ ವಾಕರ್ ಮುಂದೆ ಸ್ತ್ರೀಯರ ಪುರಾಣಕಥೆಗಳ ದೊಡ್ಡ ವಿಶ್ವಕೋಶವನ್ನೂ ಬರೆದರು ಎಂದು ತಿಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಸಂಗ್ರಹಿಸುವ ಚಟ ಇದ್ದವರಿಗೆ ಉಲ್ಲನ್ ಆದರೇನು, ದೇವತೆಗಳಾದರೇನು.

ಈಗ ನನ್ನ ಪ್ರೀತಿಯದು. ಎಲಿಜಬೆತ್ ಝಿಮ್ಮರ್‌ಮನ್ ಅವರ ‘ನಿಟ್ಟರ್ಸ್ ಆಲ್ಮನಾಕ್’, 1974ರದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ ಈಕೆ ತಿಂಗಳಿಗೊಂದರಂತೆ ಹನ್ನೆರಡು ಅಧ್ಯಾಯ ಬರೆದಿದ್ದಾರೆ. ಜುಲೈ ತಿಂಗಳ ಪಾಲಿಗೆ ಬಂದದ್ದು ದುಂಡನೆಯ ಶಾಲು. ನಡುವಿನಿಂದ 9 ಸ್ಟಿಚ್‌ನಲ್ಲಿ (ಕಡ್ಡಿಯ ಮೇಲಿನ ಕುಣಿಕೆಗಳಲ್ಲಿ) ಶುರು. ಒಂದು ಸುತ್ತು ಹಾಕಿ 18 ಮಾಡಿ. ಮೂರು ಸುತ್ತಾದ ಮೇಲೆ 36, ಆರಾದ ಮೇಲೆ 72, ಹನ್ನೆರಡಾದ ಮೇಲೆ 144, ಇಪ್ಪತ್ನಾಲ್ಕಾದ ಮೇಲೆ 288. ವೃತ್ತದ ತ್ರಿಜ್ಯ ಎರಡರಷ್ಟಾದರೆ ಸುತ್ತಳತೆಯೂ ಎರಡರಷ್ಟಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದದ್ದೇ ಇದು. ಹೆಚ್ಚಿಸುವ ಆ ಒಂದೊಂದು ಸುತ್ತು ಬಿಟ್ಟರೆ ಉಳಿದದ್ದೆಲ್ಲ ಖಾಲಿ ಜಾಗ, ನಿಮ್ಮಿಷ್ಟ.

ಆ ಖಾಲಿ ಜಾಗಕ್ಕಾಗಿಯೇ ನಾನು ಮೂರೂ ಪುಸ್ತಕಗಳನ್ನು ಒಟ್ಟಿಗೆ ಹರಡಿಕೊಂಡು ಕೂರುವುದು. 144 ಸ್ಟಿಚ್ ಇರುವ 24 ಸುತ್ತುಗಳ ಪಟ್ಟಿಯಲ್ಲಿ 12 ಸ್ಟಿಚ್‌ಗೊಮ್ಮೆ ಮರುಕಳಿಸುವ ಮಾದರಿಯೂ ಶೇಷವಿಲ್ಲದೆ ಕೂರುತ್ತದೆ, 16ರದೂ ಕೂರುತ್ತದೆ, 18ರದೂ ಸೈ. ದುಂಡಗೆ ಹೆಣೆಯುವಾಗ ಯಾವಾಗಲೂ ಮುಂಬದಿಯೇ ನಮ್ಮ ಕಡೆ ಇರುವುದರಿಂದ ಶಿದಾ ಚಾರ್ಟನ್ನು ತಿರುವಿಕೊಳ್ಳುವ ತಾಪತ್ರಯವೂ ಇಲ್ಲ. ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಓದಿಕೊಂಡು ಹೋದರಾಯಿತು. ಪೆನ್ಸಿಲ್, ಚೌಕುಳಿ ಕಾಗದ, ಒಂದು ಲೋಟ ಕಾಫಿ ಇಟ್ಟುಕೊಂಡರೆ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಹೀಗೆ ಕಾಗದದ ಮೇಲೆ ನಾನು ಮುಗಿಸಿದ ಶಾಲುಗಳಲ್ಲಿ ಕಡ್ಡಿಗೆ ಏರಿದವು ಕಡಿಮೆ, ಇರಲಿ.

ಅಮೆರಿಕದ ಪುಸ್ತಕ ಓದುವ ನಮ್ಮವರಿಗೆ ಒಂದು ಎಚ್ಚರಿಕೆ: ಕಡ್ಡಿಯ ನಂಬರು ನಂಬಬೇಡಿ. ಅವರಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ನಮ್ಮಲ್ಲಿ ಬ್ರಿಟಿಷರ ಹಳೇ ಲೆಕ್ಕವೇ ನಡೆಯುವುದರಿಂದ ನಂಬರು ಏರಿದಂತೆ ಸಣ್ಣ. ಅವರ 8 ಅಂದರೆ 5 ಮಿಲಿಮೀಟರ್, ನಮ್ಮ ಅಂಗಡಿಯ 8 ಅಂದರೆ 4. ಮಿಲಿಮೀಟರ್ ಕೇಳಿಯೇ ಕೊಳ್ಳಿ.

ಇನ್ನು ಮ್ಯಾಗಜೀನ್‌ಗಳು. ‘ವೋಗ್ ನಿಟ್ಟಿಂಗ್’ 1932ರಲ್ಲಿ ಹುಟ್ಟಿ, ನಡುವೆ ನಿಂತುಹೋಗಿ, 1982ರಲ್ಲಿ ಮತ್ತೆ ಎದ್ದು ಬಂದದ್ದು. ಹಳೆಯ ಸಂಚಿಕೆ ಕೈಗೆ ಸಿಕ್ಕರೆ ಬಿಡಬೇಡಿ. ನಾನು ಅದರಲ್ಲಿ ಇಡೀ ಸ್ವೆಟರ್ ನೋಡುವುದೇ ಇಲ್ಲ. ಕಾಲರ್ ಎಲ್ಲಿಂದ ತಿರುಗಿದೆ, ಗುಂಡಿಪಟ್ಟಿ ಅಡ್ಡಕ್ಕೆ ಹೆಣೆದದ್ದೋ ಉದ್ದಕ್ಕೋ, ಜೇಬಿನ ಬಾಯಿ ಜೋತುಬೀಳದಂತೆ ಏನು ಮಾಡಿದ್ದಾರೆ, ಇಷ್ಟೇ. ಬೇಸರವೆಂದರೆ ಮಾಡೆಲ್‌ಗಳನ್ನು ನಿಲ್ಲಿಸುವ ಭಂಗಿ. ಕಂಕುಳಿನ ಹೊಂದಿಕೆ ನೋಡಬೇಕೆಂದರೆ ಆಕೆ ಕೈಕಟ್ಟಿ ನಿಂತಿರುತ್ತಾಳೆ. ಅಲ್ಲಿನ ದಪ್ಪ ಉಲ್ಲನ್ ಕೋಟುಗಳನ್ನು ಬೆಂಗಳೂರಿನಲ್ಲಿ ಹಾಕಿಕೊಂಡರೆ ಡಿಸೆಂಬರಿನಲ್ಲೂ ಬೆವರು.

ಹಿಂದಿ ಮಹಿಳಾ ಪತ್ರಿಕೆಗಳ ಚಳಿಗಾಲದ ಹೆಣಿಗೆ ವಿಶೇಷಾಂಕಗಳಲ್ಲಿ ಇರುವುದು ನಮ್ಮದೇ ಉಲ್ಲನ್, ನಮ್ಮದೇ ಕಡ್ಡಿ ನಂಬರು. ಆ ನೆಮ್ಮದಿಗೆ ಕೊಳ್ಳಬಹುದು. ಲೆಕ್ಕದ ಮೇಲೆ ಮಾತ್ರ ಕಣ್ಣಿರಲಿ. ಅಂಥದೊಂದು ಅಂಕದಲ್ಲಿ, ಹೆಸರು ಬೇಡ, ತೋಳಿಗೆ ಹೆಚ್ಚಿಸಿದ ಸ್ಟಿಚ್‌ಗಳನ್ನು ಕೂಡಿ ನೋಡಿದರೆ ಮುಂದಿನ ಸಾಲಿಗೆ ಆರು ಸ್ಟಿಚ್ ಎಲ್ಲಿಂದಲೋ ಉದುರಿಬಿದ್ದಿದ್ದವು.

ಮೊದಲ ಪುಸ್ತಕ ಯಾವುದು ಅಂತ ಕೇಳುವವರಿಗೆ: ಲೆಕ್ಕ ಇಷ್ಟಪಡುವವರಾದರೆ ಝಿಮ್ಮರ್‌ಮನ್ ಕೊಳ್ಳಿ, ಕಣ್ಣಿನ ಆಸೆಯಾದರೆ ಶಿದಾ. ಶಿದಾ ಪುಸ್ತಕವನ್ನು ಅಚ್ಚಾದ ಪ್ರತಿಯಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ ಚಾರ್ಟ್ ದೊಡ್ಡದು ಮಾಡಿದರೆ ಫೋಟೋ ಕಾಣದು, ಫೋಟೋ ನೋಡುತ್ತ ಕುಳಿತರೆ ಚಾರ್ಟ್ ಕಾಣದು.