ಮೇಳದಲ್ಲಿ ಸಿಗುವ ಟೂಲ್ ಸೆಟ್ ತರುವ ಮೊದಲು ಇದನ್ನು ಓದಿ

ಹೊಸದಾಗಿ ಗ್ಯಾರೇಜ್ ಹಾಕುವ ಹುಡುಗರಿಗೆ, ಅವರಿಗೆ ದುಡ್ಡು ಹೊಂದಿಸಿ ಕೊಡುವ ಮನೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿದು, ‘ಎಕ್ಸ್‌ಪೋರ್ಟ್ ಮಾಲು, ಫ್ಯಾಕ್ಟರಿ ರೇಟು’ ಅಂತ ಬ್ಯಾನರ್ ಕಟ್ಟಿ ಟೂಲ್ಸ್ ಮಾರುತ್ತಾರಲ್ಲ, ಅಲ್ಲಿಂದ ಸ್ಪ್ಯಾನರ್, ಸಾಕೆಟ್ (ನಟ್ ಮೇಲೆ ಟೊಪ್ಪಿ ಹಾಗೆ ಕೂರುವ ಟೂಲ್), ಟೂಲ್ಸ್ ಇಡುವ ಟ್ರಾಲಿ ಏನನ್ನೂ ತರಬೇಡಿ. ನನ್ನ ಅಕ್ಕನ ಮಗನ ಬಲಗೈಗೆ ಹೊಲಿಗೆ ಬಿದ್ದಿದ್ದು ಅಂಥ ಒಂದು ಸೆಟ್‌ನಿಂದ.

ಹುಡುಗ ಶಿವಮೊಗ್ಗದಲ್ಲಿ ನನ್ನ ಹತ್ತಿರವೇ ಕೆಲಸ ಕಲಿತವನು. ಕೈ ಚೆನ್ನಾಗಿದೆ. ತೀರ್ಥಹಳ್ಳಿ ಕಡೆ ಸ್ವಂತ ಶೆಡ್ ಹಾಕಿದಾಗ ಮೇಳದಿಂದ ಸೆಟ್ಟೂ ಟ್ರಾಲಿಯೂ ಸೇರಿ 18,000 ರೂಪಾಯಿಗೆ ತಂದ. ‘ಮಾವ, 150 ಪೀಸ್ ಇದೆ, ಇನ್ನು ಏನೂ ತಗೊಳ್ಳೋದು ಬೇಡ’ ಅಂತ ಫೋನಿನಲ್ಲಿ ಖುಷಿಯಿಂದ ಹೇಳಿದ್ದ. ಆಮೇಲೆ ಡಬ್ಬ ಬಿಚ್ಚಿ ನೋಡಿದರೆ ಆ 150ರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕ್ರೂಡ್ರೈವರ್ ಬಿಟ್‌ಗಳು, ಸಣ್ಣ ಅಲೆನ್ ಕೀಗಳು. ದಿನಾ ಕೈಗೆ ಬರುವುದು 10, 12, 14, 17, 19 ಎಂಎಂ ಸೈಜಿನವು. ಅವು ಮಾತ್ರ ಒಂದೊಂದೇ.

ಮೊದಲು ಕೈಕೊಟ್ಟಿದ್ದು 12ರ ಸ್ಪ್ಯಾನರ್. ಬಾಯಿ ಅಗಲವಾಗಿ ಬೋಲ್ಟಿನ ಮೂಲೆ ತಿಂದು ಹಾಕಿತು. ತಲೆ ರೌಂಡ್ ಆದ ಬೋಲ್ಟ್ ಬಿಚ್ಚಲು ಅರ್ಧ ದಿನ ಹೋಯಿತು, ಗಿರಾಕಿ ಹತ್ತಿರ ಮಾತೂ ಕೇಳಬೇಕಾಯಿತು. ಮಳೆಗಾಲ ಬಂದ ಮೇಲೆ ಹೊಳೆಯುತ್ತಿದ್ದ ಕ್ರೋಮ್ ಚಕ್ಕೆ ಏಳಲು ಶುರುವಾಯಿತು. ಈ ಚಕ್ಕೆ ಬ್ಲೇಡಿಗಿಂತ ಕಡಿಮೆಯಿಲ್ಲ, ಬೆರಳಿಗೆ ಹೊಕ್ಕರೆ ತೆಗೆಯುವುದೇ ಕಷ್ಟ.

ಕೈಗೆ ಏಟಾಗಿದ್ದು 19ರ ಸಾಕೆಟ್‌ನಿಂದ. ಕಾರಿನ ವೀಲ್ ನಟ್. ಟೈರ್ ಅಂಗಡಿಯವರು ನಟ್ ಬಿಗಿಯುವ ಇಂಪ್ಯಾಕ್ಟ್ ಗನ್ನಿನಲ್ಲಿ ಬಿಗಿದು ಕಳಿಸಿದ್ದರು. ಇವನು ಹ್ಯಾಂಡಲ್ ಉದ್ದ ಮಾಡಲು ಪೈಪ್ ಹಾಕಿರಲಿಲ್ಲ, ಸುತ್ತಿಗೆಯಲ್ಲಿ ಹೊಡೆದಿರಲಿಲ್ಲ, ಬರೀ ಕೈಯಲ್ಲಿ ಜಗ್ಗಿದ್ದಾನೆ. ಸಾಕೆಟ್ ಬಾಯಿಯಿಂದ ಹ್ಯಾಂಡಲ್ ಕೂರುವ ಚೌಕದ ತನಕ ಸೀಳಿತು. ಜಗ್ಗಿದ ಜೋರಿಗೆ ಕೈ ಹೋಗಿ ಫೆಂಡರ್ ಅಂಚಿಗೆ ಬಡಿಯಿತು. ಬೆರಳಿನ ಗೆಣ್ಣುಗಳ ಮೇಲೆ ಚರ್ಮ ಬಿಟ್ಟುಕೊಂಡಿತು.

ಆ ಸಾಕೆಟ್ ಈಗಲೂ ನನ್ನ ಹತ್ತಿರ ಇದೆ. ಮೈ ಮೇಲೆ ‘ಕ್ರೋಮ್ ವೆನೇಡಿಯಂ’ ಅಂತ, ಅಂದರೆ ಒಳ್ಳೆಯ ಟೂಲ್‌ಗಳಿಗೆ ಬಳಸುವ ಗಟ್ಟಿ ಉಕ್ಕು ಅಂತ, ಸ್ಪಷ್ಟವಾಗಿ ಬರೆದಿದೆ. ಒಡೆದ ಜಾಗ ನೋಡಿದರೆ ಬೆಲ್ಲದ ಅಚ್ಚು ಒಡೆದ ಹಾಗೆ ಒರಟು ಕಾಳು ಕಾಳು. ಸರಿಯಾಗಿ ಕಾಯಿಸಿ ಬಡಿದು (ಫೋರ್ಜ್ ಮಾಡಿ) ಹದ ಕೊಟ್ಟ ಉಕ್ಕು ಮುರಿದರೆ ಒಳಗೆ ನುಣ್ಣಗೆ, ಒಂದೇ ಬೂದು ಬಣ್ಣಕ್ಕಿರುತ್ತದೆ. ಸಾಕೆಟ್‌ನ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೆಳು. ತೆಳು ಇದ್ದ ಕಡೆಯೇ ಸೀಳಿದ್ದು. ಸಣ್ಣ ಕಾರುಗಳ ವೀಲ್ ನಟ್ ಬಿಗಿಯುವುದೇ ಸುಮಾರು 85ರಿಂದ 110 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಬಿಚ್ಚಲು ಅದಕ್ಕಿಂತ ಜಾಸ್ತಿ ಬಲ ಬೇಕಾಗಬಹುದು. ಅಷ್ಟನ್ನು ತಡೆಯದ ಸಾಕೆಟ್ ಯಾವ ಕೆಲಸಕ್ಕೂ ಬೇಡ.

ಟ್ರಾಲಿ ಕಥೆ ಬೇರೆ. ಏಳು ಡ್ರಾಯರ್, ಕೆಂಪು ಪೇಂಟ್, ನೋಡಲು ಚೆಂದ. ಆದರೆ ತಗಡು ಕೈಯಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಒಂದು ಡ್ರಾಯರ್ ತೆರೆದಾಗ ಉಳಿದವು ಲಾಕ್ ಆಗುವ ವ್ಯವಸ್ಥೆ ಇಲ್ಲ. ಮೇಲಿನ ಮೂರು ಒಟ್ಟಿಗೆ ತೆರೆದುಕೊಂಡು ಇಡೀ ಟ್ರಾಲಿ ಮುಂದಕ್ಕೆ ಮಗುಚಿತು. ಪುಣ್ಯಕ್ಕೆ ಆಗ ಮುಂದೆ ಯಾರೂ ಕೂತು ಕೆಲಸ ಮಾಡುತ್ತಿರಲಿಲ್ಲ.

ಕೇಳೋಣ ಅಂತ ಮಂಟಪಕ್ಕೆ ಹೋದರೆ ಅಲ್ಲಿ ಯಾರದೋ ಮದುವೆ. ಕೊಟ್ಟಿದ್ದ ಚೀಟಿಯಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ವಿಳಾಸ ಇಲ್ಲ, ಇದ್ದ ಫೋನ್ ಸ್ವಿಚ್ ಆಫ್. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು ನಿಜ, ಆದರೆ ಯಾರ ಮೇಲೆ ಅಂತ ಕೊಡುವುದು? ಪಕ್ಕಾ ಬಿಲ್ ಕೊಡದವರ ಹತ್ತಿರ ಟೂಲ್ಸ್ ತಗೊಳ್ಳಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗಾದರೆ ಏನು ತಗೊಳ್ಳಬೇಕು? ಸೆಟ್ ಬೇಡ, ಬಿಡಿಯಾಗಿ ತಗೊಳ್ಳಿ. ಜಲಂಧರ್, ಲೂಧಿಯಾನ ಕಡೆ ತಯಾರಾಗುವ ನಮ್ಮ ದೇಶದ್ದೇ ಒಳ್ಳೆಯ ಸ್ಪ್ಯಾನರ್‌ಗಳಿವೆ. ಟಪಾರಿಯಾ ಕಂಪನಿಯಂಥ ಹೆಸರಿನವು ನಮ್ಮ ಗ್ಯಾರೇಜ್‌ಗಳಲ್ಲಿ ವರ್ಷಗಟ್ಟಲೆ ದುಡಿದಿವೆ. ಹೆಸರು ಇದ್ದರೆ ನಕಲಿಯೂ ಇರುತ್ತದೆ, ಅದಕ್ಕೇ ಕಂಪನಿಯ ಡೀಲರ್ ಹತ್ತಿರವೇ ಹೋಗಿ. ಐಎಸ್‌ಐ ಮಾರ್ಕ್ ಇದ್ದರೆ ಅದರ ಜೊತೆಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಫೋನಿನಲ್ಲಿ ಎರಡು ನಿಮಿಷದ ಕೆಲಸ ಅಷ್ಟೇ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹೊಸ ಬೋಲ್ಟ್‌ಗಳನ್ನು ಇಟ್ಟುಕೊಂಡು ಹೋಗಿ. 10, 12, 14ರ ತಲೆಯವು ಒಂದೊಂದು ಸಾಕು. ಸ್ಪ್ಯಾನರ್ ಕೂರಿಸಿ ಆ ಕಡೆ ಈ ಕಡೆ ಅಲ್ಲಾಡಿಸಿ. ಲೊಡಲೊಡ ಅಂದರೆ ವಾಪಸ್ ಇಡಿ. ಸಾಕೆಟ್ ಬಾಯಿಯನ್ನು ಬೆಳಕಿಗೆ ಹಿಡಿದು ಗೋಡೆ ಸುತ್ತಲೂ ಒಂದೇ ದಪ್ಪ ಇದೆಯಾ ನೋಡಿ. ಮ್ಯಾಗ್ನೆಟ್ ಹಿಡಿದು ತೋರಿಸುವವರನ್ನು ನಂಬಬೇಡಿ, ಅದು ಸಾದಾ ಕಬ್ಬಿಣಕ್ಕೂ ಅಂಟುತ್ತದೆ. ತುಕ್ಕು ಹಿಡಿದ ಬೋಲ್ಟ್‌ಗಳಿಗೆ 12 ಮೂಲೆಯ ಸಾಕೆಟ್‌ಗಿಂತ ಆರು ಮೂಲೆಯದೇ ಒಳ್ಳೆಯದು, ಬೋಲ್ಟಿನ ತಲೆ ಉಳಿಯುತ್ತದೆ. ಇಂಪ್ಯಾಕ್ಟ್ ಗನ್ನಿಗೆ ಹೊಳೆಯುವ ಕ್ರೋಮ್ ಸಾಕೆಟ್ ಹಾಕಲೇಬೇಡಿ, ಎಷ್ಟೇ ಒಳ್ಳೆಯ ಕಂಪನಿಯದಾದರೂ ಸಿಡಿಯಬಹುದು. ಅದಕ್ಕೆಂದೇ ದಪ್ಪ ಗೋಡೆಯ ಕಪ್ಪು ಇಂಪ್ಯಾಕ್ಟ್ ಸಾಕೆಟ್ ಬರುತ್ತದೆ.

ಟ್ರಾಲಿಗೆ ಅವಸರ ಬೇಡ. ಎರಡೂ ಕಡೆ ಬಿಚ್ಚಿಕೊಳ್ಳುವ ಐದು ಖಾನೆಯ ಕಬ್ಬಿಣದ ಟೂಲ್ ಬಾಕ್ಸ್ ಶುರುವಿಗೆ ಧಾರಾಳ ಸಾಕು. ಮುಂದೆ ಟ್ರಾಲಿ ತಗೊಳ್ಳುವಾಗ ಬಾಲ್ ಬೇರಿಂಗ್ ಸ್ಲೈಡ್, ಒಂದು ಸಲಕ್ಕೆ ಒಂದೇ ಡ್ರಾಯರ್ ತೆರೆಯುವ ಲಾಕ್, ಬ್ರೇಕ್ ಇರುವ ಚಕ್ರ ನೋಡಿ. ಒಂದು ಡ್ರಾಯರ್ ಎಷ್ಟು ಕೆಜಿ ತಡೆಯುತ್ತದೆ ಅಂತ ಕೇಳಿ, ಭಾರದ ಸಾಮಾನು ಕೆಳಗೇ ಇಡಿ. ನಮ್ಮ ಮಲೆನಾಡಿನ ಮಳೆಗೆ ಒಳ್ಳೆಯ ಟೂಲೂ ತುಕ್ಕು ಹಿಡಿಯುತ್ತದೆ. ಸಂಜೆ ಒರೆಸಿ, ತೆಳ್ಳಗೆ ಆಯಿಲ್ ಬಟ್ಟೆ ಆಡಿಸಿ ಒಳಗಿಡಿ. ಒದ್ದೆ ವೇಸ್ಟ್ ಬಟ್ಟೆ, ಬ್ಯಾಟರಿ ಆ್ಯಸಿಡ್‌ಗೆ ಸಂಬಂಧಿಸಿದ ಯಾವುದೂ ಅದೇ ಡಬ್ಬದಲ್ಲಿ ಬೇಡ. ಕ್ಲಿಕ್ ಟಾರ್ಕ್ ರೆಂಚ್ (ನಿಗದಿಯಾದಷ್ಟು ಬಿಗಿದಾಗ ‘ಕ್ಲಿಕ್’ ಅನ್ನುವ ರೆಂಚ್) ಇದ್ದರೆ ಕೆಲಸ ಮುಗಿದ ಮೇಲೆ ಅತಿ ಕಡಿಮೆ ಗುರುತಿಗೆ ತಿರುಗಿಸಿ ಇಡಿ. ಅದರಲ್ಲಿ ನಟ್ ಬಿಚ್ಚಲು ಹೋಗಬೇಡಿ.

ಈಗಾಗಲೇ ಇಂಥ ಸೆಟ್ ತಂದಿರುವವರು ಅದರ ಸಾಕೆಟ್‌ಗಳನ್ನು ವೀಲ್ ನಟ್, ಸಸ್ಪೆನ್ಷನ್, ಬ್ರೇಕ್ ಕ್ಯಾಲಿಪರ್ ಬೋಲ್ಟ್‌ಗಳಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. 17 ಮತ್ತು 19 ಎರಡನ್ನಾದರೂ ಒಳ್ಳೆಯದು ಮೊದಲು ತಗೊಳ್ಳಿ, ಉಳಿದದ್ದು ದುಡ್ಡು ಬಂದ ಹಾಗೆ ತಗೊಳ್ಳಬಹುದು. ಕೆಲಸಕ್ಕಿರುವ ಹುಡುಗರ ಕೈಗೂ ಹಳೆಯ ಸೆಟ್ ಕೊಡಬೇಡಿ.