ಹಳೇ ವೀಣೆಯೋ, ಹೊಸ ಟ್ಯಾಲಿಯೋ?

ನಲವತ್ತು ದಾಟಿದ ಮೇಲೆ ಮೈಸೂರಿನ ಸಂಜೆಯಲ್ಲಿ ಒಂದು ಗಂಟೆ ಬಿಡುವು ಸಿಕ್ಕಿದೆ ಅಂದುಕೊಳ್ಳಿ. ಹಿಂದೆ ಕಲಿತು ಬಿಟ್ಟ, ಅಟ್ಟದ ಮೇಲಿನ ವೀಣೆ ಇಳಿಸುವುದಾ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿಯುವುದಾ?

ವೀಣೆಯಲ್ಲಿ ಒಂದು ಅನುಕೂಲವಿದೆ. ಮರೆತದ್ದು ಪೂರ್ತಿ ಅಳಿಸಿಹೋಗಿರುವುದಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಉರು ಹೊಡೆದು, ಮರೆತು, ಮತ್ತೆ ಕಲಿತು ನೋಡಿದ್ದರು. ಎರಡನೇ ಸಲ ಕಡಿಮೆ ಸಮಯ ಸಾಕಾಯಿತು ಎಂದು 1885ರಲ್ಲಿ ಬರೆದರು. ಸರಳೆ ವರಸೆ, ಜಂಟಿ ವರಸೆಯಂಥ ಮೊದಲ ಪಾಠಗಳಿಗೂ ಬೆರಳು ಹಾಗೇ ತಿರುಗುತ್ತದೆ. ಆದರೆ ಬೆರಳ ತುದಿ ಮೆತ್ತಗಾಗಿರುತ್ತದೆ, ತಂತಿ ಕೊರೆಯುತ್ತದೆ. ಹಳೇ ತಪ್ಪುಗಳೂ ವಾಪಸ್ ಬರುತ್ತವೆ. ನನಗಂತೂ ತಾಳ ಬಿಟ್ಟು ಓಡುವ ಚಾಳಿ ಮೊದಲು ಬಂತು!

ಟ್ಯಾಲಿಯಲ್ಲಿ ಹಾಗೆ ನೆನಪು ಕೈ ಹಿಡಿಯುವುದಿಲ್ಲ. ಡೆಬಿಟ್, ಕ್ರೆಡಿಟ್‌ನಿಂದಲೇ ಶುರು. ಕಾಮರ್ಸ್ ಓದಿದವರಿಗೆ ಅದೂ ಅರ್ಧ ಹಳೆಯದೇ, ಅಲ್ವಾ? ಕೆಲಸ ಬೇಕಿದ್ದರೆ ಇದೇ ಸರಿ. ಪದವಿಯೇ ಬೇಕೆಂದರೆ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇಲ್ಲೇ ಮುಕ್ತಗಂಗೋತ್ರಿಯಲ್ಲಿದೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ಪೋರ್ಟಲ್‌ನಲ್ಲಿ ಪಾಠ ಉಚಿತ. ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀಸು.

ಎರಡನ್ನೂ ಒಟ್ಟಿಗೆ ಶುರುಮಾಡಬೇಡಿ. ದುಡ್ಡಿನ ಅವಸರ ಇಲ್ಲದಿದ್ದರೆ ನನ್ನ ಓಟು ವೀಣೆಗೆ. ಮೊದಲು ತಂತಿ ಬದಲಾಯಿಸಿ, ತುಕ್ಕು ಹಿಡಿದಿರುತ್ತದೆ.