ಎಚ್‌ಎಮ್‌ಐ ಮ್ಯಾಗ್ನೆಟೋಗ್ರಾಮ್: ವರ್ಷಗಟ್ಟಲೆ ದಿನಾ ನೋಡಿದವನ ರಿವ್ಯೂ

ನಾಸಾದ ಎಸ್‌ಡಿಓ ಉಪಗ್ರಹದ ಸೈಟಿನಲ್ಲಿ ಸೂರ್ಯನ ಚೆಂದ ಚೆಂದದ ಬಣ್ಣದ ಚಿತ್ರಗಳ ಸಾಲಿನಲ್ಲಿ ಒಂದು ಬೂದಿ ಬಣ್ಣದ್ದು ಉಂಟು. ಬೂದಿ ಮೇಲೆ ಅಲ್ಲಲ್ಲಿ ಕಪ್ಪು ಬಿಳಿ ಚುಕ್ಕೆ, ಅಷ್ಟೆ, ಹೆಚ್ಚಿನವರು ಅದನ್ನು ದಾಟಿ ಕೆಳಗೆ ಹೋಗ್ತಾರೆ. ಅದೇ ಎಚ್‌ಎಮ್‌ಐ ಮ್ಯಾಗ್ನೆಟೋಗ್ರಾಮ್, ಆ ಉಪಗ್ರಹದ ಎಚ್‌ಎಮ್‌ಐ ಅನ್ನುವ ಉಪಕರಣ ಅಳೆದು ಮಾಡುವ ಸೂರ್ಯನ ಮೇಲ್ಮೈಯ ಕಾಂತಕ್ಷೇತ್ರದ ನಕ್ಷೆ. ಉಪಗ್ರಹ ಎಷ್ಟು ಭಾರ, ಕ್ಯಾಮೆರಾ ಎಷ್ಟು ಪಿಕ್ಸೆಲ್ ಇದೆಲ್ಲ ನೆಟ್ಟಲ್ಲಿ ಸಿಗ್ತದೆ, ನಾನು ಬರೆಯುದು ದಿನಾ ನೋಡಿದ್ರೆ ಕೈಗೆ ಎಂತ ಸಿಗ್ತದೆ, ಎಂತ ಸಿಗುದಿಲ್ಲ ಅಂತ.

ನಮ್ಮದು ಬದಿಯಡ್ಕದ ಹತ್ತಿರ, ಅಡಿಕೆ ತೋಟ. 2019 ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಜಿಲ್ಲೆಯ ಮೇಲೆಯೇ ಹಾದು ಹೋಯ್ತಲ್ಲ, ಚೆರುವತ್ತೂರಿಗೆ ಎಲ್ಲಿಂದೆಲ್ಲ ಜನ ಬಂದಿದ್ರು, ಆ ಹುರುಪಿನಲ್ಲಿ ಒಂದು ಸಣ್ಣ ಟೆಲಿಸ್ಕೋಪೂ ಸೋಲಾರ್ ಫಿಲ್ಟರ್ ಶೀಟೂ ತಗೊಂಡೆ. ಅದಕ್ಕಿಂತ ಜಾಸ್ತಿ ಖರ್ಚು ಮಾಡುವ ಸ್ಥಿತಿ ಇಲ್ಲ. ಹೈಡ್ರೋಜನ್ ಬೆಳಕಿನಲ್ಲಿ ಸೂರ್ಯನನ್ನು ನೋಡುವ ಟೆಲಿಸ್ಕೋಪಿನ ರೇಟ್ ಕೇಳಿದ್ರೆ ನಮ್ಮಂಥವರಿಗೆ ಅದು ಆಗುವ ಮಾತಲ್ಲ. ಹಾಗಾಗಿ ಫ್ರೀ ಸಿಗುವ ಮ್ಯಾಗ್ನೆಟೋಗ್ರಾಮೇ ನನ್ನ ಎರಡನೇ ಟೆಲಿಸ್ಕೋಪು ಆಯ್ತು.

ಚಳಿಗಾಲದಲ್ಲಿ ದಿನಚರಿ ಹೀಗೆ. ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಹರಡಿ ಆದ ಮೇಲೆ ಬಿಸಿಲು ತೆಂಗಿನಮರದ ತಲೆ ದಾಟುವವರೆಗೆ ಕಾಯುದು. ಫಿಲ್ಟರ್ ಶೀಟನ್ನು ಮೊದಲು ಬಿಸಿಲಿಗೆ ಹಿಡಿದು ತೂತು ಗೀತು ಉಂಟಾ ನೋಡುದು, ಇದು ಒಂದು ದಿನವೂ ತಪ್ಪಬಾರದು, ಕಣ್ಣಿನ ವಿಷಯ. ಆಮೇಲೆ ನೋಟ್‌ಬುಕ್ಕಿನಲ್ಲಿ ಎಳೆದಿಟ್ಟ ವೃತ್ತದೊಳಗೆ ಪೆನ್ಸಿಲಿನಲ್ಲಿ ಸೂರ್ಯನ ಕಲೆಗಳನ್ನು ಗುರುತು ಹಾಕುದು, ಡಯಾಗನಲ್ (ಬೆಳಕನ್ನು ಬದಿಗೆ ತಿರುಗಿಸುವ ಕನ್ನಡಿ) ಹಾಕಿದ್ರೆ ಎಡ ಬಲ ಅದಲುಬದಲು ಆಗ್ತದೆ, ಅದಕ್ಕೆ ತಿರುಗಿಸಿ ಬರೆಯುದು. ಅದು ಮುಗಿದ ಮೇಲೆ ಚಾಯದ ಗ್ಲಾಸು ಹಿಡ್ಕೊಂಡು ಮೇಲಿನ ಗೇಟಿನ ಹತ್ತಿರ ಹೋಗುದು, ಸಿಗ್ನಲ್ ಸಿಗುದು ಅಲ್ಲಿ ಮಾತ್ರ. 512 ಸೈಜಿನ ಚಿತ್ರ ಅಲ್ಲಿ ಕೂಡ್ಲೇ ತೆರೀತದೆ, 4096ರದ್ದು ಕುಂಬ್ಳೆ ಪೇಟೆಗೆ ಹೋದಾಗ. ಫೋನನ್ನು ನೋಟ್‌ಬುಕ್ಕಿನ ಪಕ್ಕ ಹಿಡಿದು, ನಾನು ಪೆನ್ಸಿಲಿನಲ್ಲಿ ಹಾಕಿದ ಒಂದೊಂದು ಚುಕ್ಕೆ ಬಿಳಿಯಾ ಕಪ್ಪಾ ಅಂತ ನೋಡುವ ಆ ಐದು ನಿಮಿಷ ನನಗೆ ಭಾರೀ ಇಷ್ಟ.

ಬಿಳಿ ಅಂದ್ರೆ ಕಾಂತಕ್ಷೇತ್ರ ನಮ್ಮ ಕಡೆಗೆ ಬರ್ತಾ ಉಂಟು, ಕಪ್ಪು ಅಂದ್ರೆ ಆಚೆ ಹೋಗ್ತಾ ಉಂಟು. ಅಷ್ಟು ದೂರದಿಂದ ಇದು ಹೇಗೆ ಗೊತ್ತಾಗುದು ಅಂದ್ರೆ, ಕಾಂತಕ್ಷೇತ್ರದೊಳಗೆ ಇರುವ ಪರಮಾಣುವಿನ ರೋಹಿತದ ಗೆರೆ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆ) ಒಡೀತದೆ, ಝೀಮನ್ 1896ರಲ್ಲಿ ಲ್ಯಾಬಿನಲ್ಲಿ ಕಂಡದ್ದು. 1908ರಲ್ಲಿ ಹೇಲ್ ಅವರು ಮೌಂಟ್ ವಿಲ್ಸನ್‌ನಲ್ಲಿ ಅದನ್ನೇ ಸೂರ್ಯನ ಕಲೆಯ ಬೆಳಕಿನಲ್ಲಿ ಕಂಡು ಕಲೆ ಅಂದ್ರೆ ಬಲವಾದ ಕಾಂತ ಅಂತ ಹೇಳಿದ್ರು. ಭೂಮಿಯ ಕಾಂತಕ್ಷೇತ್ರ ಅರ್ಧ ಗಾಸ್ (ಕಾಂತಕ್ಷೇತ್ರ ಅಳೆಯುವ ಮಾನ) ಆಸುಪಾಸು, ದೊಡ್ಡ ಕಲೆಯೊಳಗೆ 2000, 3000 ಗಾಸ್. ಎಚ್‌ಎಮ್‌ಐ ನೋಡುದು ಕಬ್ಬಿಣದ 6173 ಆಂಗ್‌ಸ್ಟ್ರಾಮ್ ತರಂಗಾಂತರದ ಗೆರೆಯನ್ನು, 45 ಸೆಕೆಂಡಿಗೊಮ್ಮೆ ಇಡೀ ಸೂರ್ಯನದ್ದು.

ನಾನು ನಿರೀಕ್ಷೆ ಮಾಡದ ಖುಷಿ ಒಂದು ಸಿಕ್ಕಿತು. ನನ್ನ ಟೆಲಿಸ್ಕೋಪಿನಲ್ಲಿ ಏನೂ ಇಲ್ಲದ ಜಾಗದಲ್ಲಿ ಮ್ಯಾಗ್ನೆಟೋಗ್ರಾಮಿನಲ್ಲಿ ಸಣ್ಣಕ್ಕೆ ಒಂದು ಕಪ್ಪು ಒಂದು ಬಿಳಿ ಜೋಡಿ ಮೂಡಿರ್ತದೆ, ಮರುದಿನ ನೋಡಿದ್ರೆ ಎರಡೂ ಒಂದರಿಂದೊಂದು ದೂರ ಸರಿದು ದೊಡ್ಡದಾಗಿರ್ತದೆ, ಆಮೇಲೆ ನನ್ನ ಕಣ್ಣಿಗೂ ಕಲೆ ಕಾಣ್ಲಿಕ್ಕೆ ಶುರು. ಕಲೆಗಿಂತ ಮೊದಲು ಬರುದು ಕಾಂತಕ್ಷೇತ್ರ! ಪಕ್ಕದ ಮನೆಯ ಹುಡುಗಿ, ಎಂಟನೇ ಕ್ಲಾಸು, ಫೋನು ನೋಡ್ತಾ ಇದ್ದವಳು ಕೇಳಿದ್ಳು, "ಮಾವ, ಮೇಲಿನ ಅರ್ಧದಲ್ಲಿ ಎಲ್ಲ ಗುಂಪಿಗೂ ಬಿಳಿ ಬಲಗಡೆಯೇ ಉಂಟಲ್ಲ, ಕೆಳಗಿನ ಅರ್ಧದಲ್ಲಿ ಯಾಕೆ ಉಲ್ಟಾ?" ಯಾರೂ ಹೇಳಿಕೊಡದೆ ಅವಳೇ ಕಂಡದ್ದು, ಹೇಲ್ ಅವರ ನಿಯಮ ಅಂತ ಹೇಳುದು ಅದಕ್ಕೇ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆ ಆಗುವ ಚಕ್ರಗಳಲ್ಲಿ ಈಗ ನಡೀತಿರುವ 25ನೇ ಚಕ್ರದಲ್ಲಿ ಹೀಗೆ, ಮುಂದಿನ ಚಕ್ರದಲ್ಲಿ ಎರಡೂ ಅದಲುಬದಲು ಆಗ್ತದೆ.

ಮಳೆಗಾಲದಲ್ಲಂತೂ ಇದೇ ಗತಿ, ಜೂನಿನಿಂದ ನಮ್ಮಲ್ಲಿ ಸೂರ್ಯ ಎಲ್ಲಿ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನ ಕೆಲವು ವಾರ ಮಾತ್ರ ದಿನಾ ಸ್ವಲ್ಪ ಹೊತ್ತು ಭೂಮಿ ಅಡ್ಡ ಬಂದು ಚಿತ್ರ ಕಟ್ ಆಗ್ತದೆ, ಹಾಳಾಯ್ತು ಅಂತ ಗಾಬರಿ ಬೇಡ.

2024ರ ಮೇ ತಿಂಗಳಿನ 3664 ನಂಬರಿನ ಕಲೆಗಳ ಗುಂಪು ನೆನಪುಂಟಾ? ಗ್ರಹಣದ ಕನ್ನಡಕದಲ್ಲೇ ಕಾಣುವಷ್ಟು ದೊಡ್ಡದು. ನನ್ನ ಟೆಲಿಸ್ಕೋಪಿನಲ್ಲಿ ಅದು ದೊಡ್ಡದೊಂದು ಕಲೆಗಳ ರಾಶಿ, ಬೇರೆ ವಿಶೇಷ ಇಲ್ಲ. ಮ್ಯಾಗ್ನೆಟೋಗ್ರಾಮ್ ತೆರೆದ್ರೆ ಮೈ ಜುಂ ಅಂತು, ಕಪ್ಪು ಬಿಳಿ ಎರಡೂ ನಡುವೆ ಜಾಗವೇ ಇಲ್ಲದ ಹಾಗೆ ಒತ್ತಿಕೊಂಡು ಕಲಸಿಹೋಗಿತ್ತು. ಅಂಥ ಕಡೆಯೇ ದೊಡ್ಡ ಸ್ಫೋಟ ಆಗುದು. ಮೇ 10ಕ್ಕೆ 2003ರ ನಂತರದ ಮೊದಲ ಜಿ5, ಅಂದ್ರೆ ಎಲ್ಲಕ್ಕಿಂತ ತೀವ್ರ ದರ್ಜೆಯ, ಭೂಕಾಂತ ಬಿರುಗಾಳಿ, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯ್ತು.

ನನ್ನ ಅಸಮಾಧಾನ ಶುರುವಾದ್ದೂ ಅಲ್ಲಿಂದಲೇ. ಸ್ಫೋಟ ಆಗುದು ಈ ಚಿತ್ರದಲ್ಲಿ ಕಾಣುವ ಮೇಲ್ಮೈಯಲ್ಲಿ ಅಲ್ಲ, ಅದರ ಮೇಲಿನ ಕರೋನಾದಲ್ಲಿ, ಅಂದ್ರೆ ಸೂರ್ಯನ ಹೊರಗಿನ ವಾತಾವರಣದಲ್ಲಿ. ಅಲ್ಲಿಯ ಕಾಂತಕ್ಷೇತ್ರ ಇದರಲ್ಲಿ ಇಲ್ಲವೇ ಇಲ್ಲ. ಅದೇ ಸೈಟಿನಲ್ಲಿ ಪಿಎಫ್‌ಎಸ್‌ಎಸ್ ಅಂತ ಇನ್ನೊಂದು ಚಿತ್ರ ಸಿಗ್ತದೆ, ಸೂರ್ಯನ ಸುತ್ತ ಚೆಂದಕ್ಕೆ ಬಳುಕಿದ ಗೆರೆಗಳು, ಅದನ್ನು ವಾಟ್ಸಾಪಿನಲ್ಲಿ "ಸೂರ್ಯನ ಕಾಂತಕ್ಷೇತ್ರದ ನಿಜವಾದ ಫೋಟೋ" ಅಂತ ಕಳಿಸುವವರು ತುಂಬ ಜನ. ಫೋಟೋ ಅಲ್ಲ ಅದು, ಲೆಕ್ಕ. ಗುಡ್ಡದ ಮೇಲಿನ ಗಿಡ ಹುಲ್ಲು ನೋಡಿ ಒಳಗೆ ನೀರು ಎಲ್ಲುಂಟು ಅಂತ ನಮ್ಮಲ್ಲಿ ಸುರಂಗ ತೋಡುವವರು ಅಂದಾಜು ಮಾಡ್ತಾರಲ್ಲ, ಆ ರೀತಿ ಮೇಲ್ಮೈಯ ಅಳತೆ ಹಿಡಿದು ಮೇಲಿನದ್ದನ್ನು ಊಹಿಸುದು. ಅದೂ ಕರೋನಾದಲ್ಲಿ ವಿದ್ಯುತ್ ಪ್ರವಾಹವೇ ಇಲ್ಲ ಅಂತ ಇಟ್ಟುಕೊಂಡು ಮಾಡುವ ಲೆಕ್ಕ. ಆದ್ರೆ ಸ್ಫೋಟಕ್ಕೆ ಬೇಕಾದ ಶಕ್ತಿ ಇರುದೇ ಆ ಪ್ರವಾಹದಲ್ಲಿ, ಗೆರೆಗಳು ತಿರುಚಿಕೊಂಡದ್ದರಲ್ಲಿ! ಅಂದ್ರೆ ನಮಗೆ ಮುಖ್ಯವಾಗಿ ಬೇಕಾದದ್ದನ್ನೇ ಬಿಟ್ಟು ಬಿಡಿಸಿದ ಚಿತ್ರ. ಒಟ್ಟು ಸ್ವರೂಪ ತಿಳಿಯಲಿಕ್ಕೆ ಅದು ಒಳ್ಳೆಯದೇ, ಫೋಟೋ ಅಂತ ಹಂಚುವಾಗ ಮಾತ್ರ ಸಿಟ್ಟು ಬರ್ತದೆ, ಯಾಕಂದ್ರೆ ಅಳೆದು ಆಗಿದೆ ಅಂತ ಜನ ತಿಳ್ಕೊಂಡ್ರೆ ಅಳೆಯಲಿಕ್ಕೆ ಒದ್ದಾಡುವವರ ಕೆಲಸ ಯಾರಿಗೂ ಕಾಣುದಿಲ್ಲ.

ಆ ಒದ್ದಾಟ ಸಣ್ಣದಲ್ಲ. ಕರೋನಾದ ಬೆಳಕು ಸೂರ್ಯನ ಮುಖದ ಬೆಳಕಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದ್ದು, ಹತ್ತು ಲಕ್ಷ ಡಿಗ್ರಿ ದಾಟಿದ ಬಿಸಿಗೆ ಗೆರೆಗಳು ಅಗಲ ಆಗಿ ಹೋಗಿರ್ತವೆ, ಕ್ಷೇತ್ರವೋ ಹೆಚ್ಚಿನ ಕಡೆ ಬರೇ ಕೆಲವು ಗಾಸ್. ಎಚ್‌ಎಮ್‌ಐಯ 45 ಸೆಕೆಂಡಿನ ಚಿತ್ರದಲ್ಲೇ ಸುಮಾರು 10 ಗಾಸ್ ನಾಯ್ಸ್ ಇರ್ತದೆ ಅಂದ್ರೆ ಕಷ್ಟ ಗೊತ್ತಾಗ್ತದಲ್ಲ. ಅದಕ್ಕೆ ಝೀಮನ್ ಒಡಕು ಜಾಸ್ತಿ ಕಾಣುವ ಇನ್‌ಫ್ರಾರೆಡ್‌ಗೆ ಹೋಗುದು, ಹನ್ನೆರಡು ಎಲೆಕ್ಟ್ರಾನ್ ಕಳ್ಕೊಂಡ ಕಬ್ಬಿಣದ 10747 ಆಂಗ್‌ಸ್ಟ್ರಾಮ್ ಗೆರೆ. ಹವಾಯಿಯಲ್ಲಿ ಮೌನಾ ಲೋವಾದ ಯುಕಾಂಪ್ ಉಪಕರಣದವರು ಬೇರೆಯೇ ದಾರಿ ಹಿಡಿದ್ರು, ಕರೋನಾದಲ್ಲಿ ಓಡುವ ಅಲೆಗಳ ವೇಗದಿಂದ ಕ್ಷೇತ್ರ ಲೆಕ್ಕ ಹಾಕುದು, 2022ರ ಎಂಟು ತಿಂಗಳಿನ 114 ನಕ್ಷೆಗಳು 2024ರಲ್ಲಿ ಪ್ರಕಟ ಆದವು. ಆದ್ರೆ ಸೂರ್ಯನ ಅಂಚಿನ ಹೊರಗೆ ಮಾತ್ರ, ನಮಗೆ ಎದುರಾಗಿ ಇರುವ ಕಲೆಯ ಮೇಲಿನದ್ದು ಇಲ್ಲ. ಅದೇ 2022ರ ನವೆಂಬರಿನಲ್ಲಿ ಮೌನಾ ಲೋವಾ ಜ್ವಾಲಾಮುಖಿಯ ಲಾವಾ ಅಲ್ಲಿಗೆ ಹೋಗುವ ರಸ್ತೆಯನ್ನೂ ಕರೆಂಟನ್ನೂ ಕಡಿದು ಹಾಕಿತು, ಓದಿ ನಿಜವಾಗಿ ಬೇಜಾರಾಯ್ತು. ಆಮೇಲೆ ಮಾವಿ ದ್ವೀಪದ 4 ಮೀಟರ್ ಕನ್ನಡಿಯ ಸೌರ ಟೆಲಿಸ್ಕೋಪು ಡಿಕೆಐಎಸ್‌ಟಿಯಿಂದ 2024ರಲ್ಲಿ ಝೀಮನ್ ಒಡಕನ್ನೇ ಹಿಡಿದು ಮಾಡಿದ ಕರೋನಾದ ನಕ್ಷೆ ಬಂತು. ಇದನ್ನೆಲ್ಲ ಓದಿದ ಮೇಲೆ ನನ್ನ ಬೂದಿ ಚಿತ್ರದ ಮೇಲಿನ ಸಿಟ್ಟು ಇಳಿಯಿತು, ಮುಟ್ಟಲಾಗದ ಜಾಗವನ್ನು ಅದು ಮುಟ್ಟಿದೆ ಅಂತ ಸುಳ್ಳು ಹೇಳುದಿಲ್ಲವಲ್ಲ.

ನಮ್ಮ ಆದಿತ್ಯ ಎಲ್1 ಬಗ್ಗೆಯೂ ತುಂಬ ಜನ ಕೇಳ್ತಾರೆ. ಅದರ ಮ್ಯಾಗ್ನೆಟೋಮೀಟರ್ ಅಳೆಯುದು ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಉಪಗ್ರಹ ಇರುವ ಜಾಗದ, ಸೌರಗಾಳಿ ಹೊತ್ತು ತಂದ ಕ್ಷೇತ್ರವನ್ನು, ಸೂರ್ಯನ ಮೇಲಿನದ್ದನ್ನಲ್ಲ. ಕರೋನಾದ ಕ್ಷೇತ್ರಕ್ಕೆ ಅಂತ ಇರುದು ಬೆಂಗಳೂರಿನ ಐಐಎ (ಭಾರತೀಯ ಖಗೋಳಭೌತ ಸಂಸ್ಥೆ) ಮಾಡಿದ, ಅದರಲ್ಲೇ ಇರುವ ಕರೋನಾ ನೋಡುವ ಉಪಕರಣ ವಿಇಎಲ್‌ಸಿಯ ಇನ್‌ಫ್ರಾರೆಡ್ ಚಾನೆಲ್, ಅದೇ ಕಬ್ಬಿಣದ ಗೆರೆ. ಡೇಟಾ ಇಸ್ರೋದ ಪ್ರದಾನ್ ಪೋರ್ಟಲಿನಲ್ಲಿ ಸಿಗ್ತದೆ, ಆದ್ರೆ ಲಾಗಿನ್ ಆಗಿ ದೊಡ್ಡ ಫೈಲು ಇಳಿಸಿ ಸಾಫ್ಟ್‌ವೇರಿನಲ್ಲಿ ತೆರೆಯುದು ಗೇಟಿನ ಹತ್ತಿರದ ಸಿಗ್ನಲಿನಲ್ಲಿ ಆಗುವ ಕೆಲಸ ಅಲ್ಲ. ದಿನಕ್ಕೆ ಒಂದು ಸಣ್ಣ ಜೆಪೆಗ್ ಹಾಕಿದ್ರೂ ಸಾಕು, ಎಂಟನೇ ಕ್ಲಾಸಿನ ಮಕ್ಕಳು ನೋಡ್ತಾರೆ.

ಹೊಸತಾಗಿ ನೋಡುವವರಿಗೆ ಒಂದು ವಿಷಯ. ಗುಂಪು ಸೂರ್ಯನ ಅಂಚಿಗೆ ಹೋದಾಗ ಕಲೆಯ ಅಂಚಿನ ಕಡೆಯ ಭಾಗ ಬಿಳಿ ಇದ್ದದ್ದು ಕಪ್ಪಾಗಿ ಕಾಣ್ತದೆ. ಕ್ಷೇತ್ರ ತಿರುಗಿದ್ದಲ್ಲ ಅದು, ಈ ಚಿತ್ರದಲ್ಲಿ ಇರುದು ನಮ್ಮ ದೃಷ್ಟಿಯ ನೇರಕ್ಕೆ ಬೀಳುವ ಪಾಲು ಮಾತ್ರ, ವಾಲಿದ ಗೆರೆಗಳು ಅಂಚಿನಲ್ಲಿ ನಮ್ಮಿಂದ ಆಚೆ ಮುಖ ಮಾಡಿರ್ತವೆ. ಗುಂಪು ನಡುಭಾಗದಲ್ಲಿ ಇರುವ ದಿನಗಳಲ್ಲಿ ನೋಡಿ ಬರ್ಕೊಳ್ಳಿ, ಅಂಚಿನದ್ದನ್ನು ಪೆನ್ಸಿಲಿನಲ್ಲಿ ಸುಮ್ಮನೆ ಗುರುತು ಮಾತ್ರ ಹಾಕಿಡಿ.